ನಾಳೆಯ ಆಚೆಯ ದಿನ

ಮಾರ್ಚ್ ೧೨, ಬುಧವಾರ ಸಂಜೆ

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ನಮ್ಮ ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ‘ಓ’ ಅಕ್ಷರ ಮುಗಿಸುವ ಗಡಿಬಿಡಿ. ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಆದರೆ ಇವತ್ತು ನಿನಗೆ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋದೀತು. ನನಗೊಂದು ಪದ ಸಿಕ್ಕಿದೆ.

‘ಓವರ್‌ಮಾರೋ’. ಇಂಗ್ಲಿಷಿನ ಹಳೇ ಪದ, ಈಗ ಯಾರ ಬಾಯಲ್ಲೂ ಇಲ್ಲ. ‘ಓವರ್’ ಎಂದರೆ ಆಚೆ, ‘ಮಾರೋ’ ಎಂದರೆ ನಾಳೆ. ಅದಕ್ಕೂ ಹಿಂದೆ ಬೆಳಗು ಎಂಬ ಅರ್ಥವೇ ಇತ್ತಂತೆ. ನಾಳೆಯನ್ನು ದಾಟಿದರೆ ಸಿಗುವ ದಿನ. ಏನು ಹೇಳು ನೋಡೋಣ? ನಮ್ಮ ನಾಡಿದ್ದು! ಓದಿದವಳೇ ಕುರ್ಚಿಯಿಂದ ಎದ್ದ ರಭಸಕ್ಕೆ ಮೇಜಿನ ಮೇಲಿದ್ದ ಚಹಾ ಉರುಳಿತು. ಸುಮಾರು ಐನೂರು ವರ್ಷದ ಹಿಂದೆ ಅಚ್ಚಿನಲ್ಲಿ ಕಾಣಿಸಿಕೊಂಡ ಪದವನ್ನು ಆ ಜನ ಎಲ್ಲೋ ಕಳೆದುಕೊಂಡರು. ಜರ್ಮನ್ನರು ಅದರ ಒಡಹುಟ್ಟನ್ನು ಇಂದಿಗೂ ಆಡುತ್ತಾರೆ. ಇಂಗ್ಲಿಷಿನವರು ಮಾತ್ರ ನಾಡಿದ್ದು ಅನ್ನಲು ನಾಲ್ಕು ಪದ ಜೋಡಿಸಬೇಕು. ಪಾಪ ಅನ್ನಿಸಿತು.

ಸಂಪಾದಕರು ಕನ್ನಡಕವನ್ನು ಹಣೆಗೇರಿಸಿ, “ಸತ್ತ ಪದಕ್ಕೆ ಜಾಗ ಯಾಕಮ್ಮಾ?” ಅಂದರು. “ಅವರ ಮನೇಲಿ ಸತ್ತಿರಬಹುದು ಸರ್, ನಮ್ಮನೇಲಿ ದಿನಾ ಓಡಾಡ್ಕೊಂಡಿದೆ” ಅಂದೆ. ನಕ್ಕರು. ಪದ ಉಳಿಯಿತು. ನಮ್ಮಲ್ಲಿ ಪದಕ್ಕಾಗಿ ಜಗಳ ಆಡಿದವರೇ ಅದಕ್ಕೆ ಉದಾಹರಣೆಯ ವಾಕ್ಯ ಬರೆಯುವುದು ರೂಢಿ. ಹಿಂದೆಮುಂದೆ ನೋಡದೆ ಬರೆದುಕೊಟ್ಟೆ: ‘ಅಕ್ಕ ನಾಡಿದ್ದು ಬರುತ್ತಾಳೆ.’

ಅಮ್ಮನಿಗೆ ದಿನಾ ಸಂಜೆ ನಾನು ಹೇಳುವ ಮಾತೂ ಅದೇ. ಮರೆವು ಹೆಚ್ಚಾಗಿದೆ ಅಂತ ಹೋದ ಸಲ ಬರೆದಿದ್ದೆನಲ್ಲ. ಊಟ ಮಾಡಿದ್ದು ಮರೆಯುತ್ತಾಳೆ, ನಲ್ಲಿ ತಿರುಗಿಸಿದ್ದು ಮರೆಯುತ್ತಾಳೆ, “ದೊಡ್ಡೋಳು ಯಾವಾಗ ಬರ್ತಾಳೆ?” ಅನ್ನುವುದನ್ನು ಮಾತ್ರ ಮರೆಯುವುದಿಲ್ಲ. ನಾಳೆ ಅಂದರೆ ಬೆಳಗಾಗುತ್ತಲೇ ತಲೆ ಬಾಚಿಕೊಂಡು ಬಾಗಿಲಲ್ಲಿ ಕೂತುಬಿಡುತ್ತಾಳೆ. ಮುಂದಿನ ತಿಂಗಳು ಅಂದರೆ ಅಳುತ್ತಾಳೆ. ನಾಡಿದ್ದು ಅಂದರೆ ಮುಖ ಅರಳುತ್ತದೆ. “ಹಾಗಾದ್ರೆ ಇನ್ನೂ ಟೈಮಿದೆ, ಮನೆ ಗುಡಿಸ್ಬಹುದು” ಅಂದು ಸುಮ್ಮನಾಗುತ್ತಾಳೆ. ಒಂದು ಭಾಷೆಗೆ ಅಂಥ ಪದ ಯಾಕೆ ಬೇಕು ಅಂತ ನನಗೆ ತಿಳಿದದ್ದು ನಿಘಂಟಿನಿಂದಲ್ಲ, ಅಮ್ಮನಿಂದ.

ನಿಮ್ಮ ಆಸ್ಪತ್ರೆಯಲ್ಲಿ ನರ್ಸುಗಳಿಗೆ ರಜೆ ಸಿಗುವ ಕಷ್ಟ ಬಲ್ಲೆ. ಆದರೂ ಅಮ್ಮನಿಗೆ ನಿನ್ನ ಗುರುತು ಸಿಗುವಾಗಲೇ ಒಮ್ಮೆ ಬಾ. ನಾನು ಬರೆದ ವಾಕ್ಯ ಅಚ್ಚಾಗುವ ಹೊತ್ತಿಗೆ ಸುಳ್ಳಾಗಬಾರದು ನೋಡು.

ಭಾವನಿಗೆ ನಮಸ್ಕಾರ. ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಆಶೀರ್ವಾದ. ದೊಡ್ಡವನ ಕಿವಿಯನ್ನು ನನ್ನ ಪರವಾಗಿ ಒಮ್ಮೆ ಹಿಂಡು.

ನಿನ್ನ
ಚಿಕ್ಕೋಳು

ತಾ.ಕ.: ಕಾಗದ ಮಡಿಸುತ್ತಿದ್ದೆ, ಅಮ್ಮ ಬಂದು ಪಕ್ಕದಲ್ಲಿ ಕೂತಳು. ನನ್ನ ಕೈ ಸವರುತ್ತಾ, “ನೀವು ನನ್ನನ್ನ ತುಂಬಾ ಚೆನ್ನಾಗಿ ನೋಡ್ಕೋತೀರಮ್ಮ. ನಮ್ಮ ಚಿಕ್ಕೋಳು ಯಾವಾಗ ಬರ್ತಾಳೆ, ಏನಾದ್ರೂ ಗೊತ್ತಾ?” ಅಂದಳು.

ನಾಡಿದ್ದು ಅಂದೆ.