ಬಿರುಕಿನ ಮಾತು ಬಿಟ್ಟ ದಿನ

ಇಸವಿ ೨೧೮೭, ಮರುಬೇಸಿಗೆಯ ಹದಿನೇಳನೇ ದಿನ
ಹೂಳಪೇಟೆ

ಅಜ್ಜಿ ಬಸಲಿಂಗಮ್ಮನವರಿಗೆ ನಿಮಗಿಂತ ಆರು ತಲೆ ಈಚೆಯ ಹುಲಿಗೆಮ್ಮ ಮಾಡುವ ನಮಸ್ಕಾರ.

ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಮಳೆಗಾಲ ನಟ್ಟನಡುವೆ ನಿಂತುಹೋಗಿ ಬಿಸಿಲು ಮತ್ತೆ ಏರುವ ಎರಡು ತಿಂಗಳಿಗೆ ನಾವು ಮರುಬೇಸಿಗೆ ಅನ್ನುತ್ತೇವೆ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ಹಳೇ ಪತ್ರಿಕೆಗಳ ಕಟ್ಟುಗಳಿಂದ ಕಲಿತವಳು ನಾನು. ಆ ಕಟ್ಟುಗಳಲ್ಲಿ ಅರ್ಧಕ್ಕರ್ಧ ಜಾಹೀರಾತು. ಹಾಗಾಗಿ ಎಲ್ಲೋ ಒಂದು ಕಡೆ ಸೋಪು ಮಾರುವವರ ಹಾಗೆ ಮಾತಾಡಿದರೂ ಮಾತಾಡಿದೆ.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಿಮ್ಮದೊಂದು ಫೋಟೋ ನಮ್ಮ ಮನೆಯಲ್ಲಿ ಉಳಿದಿದೆ. ಶಾಲೆಯ ಕೋಣೆಯೊಂದರಲ್ಲಿ ಮತಯಂತ್ರದ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದೀರಿ. ಹಿಂದೆ ಪೆನ್ಸಿಲಿನಲ್ಲಿ ‘ಎಲೆಕ್ಷನ್ ಡ್ಯೂಟಿ’ ಎಂದು ಬರೆದಿದೆ. ನಮ್ಮ ವಂಶದಲ್ಲಿ ಚುನಾವಣೆಯ ಹತ್ತಿರ ಕುಳಿತವರು ನೀವೊಬ್ಬರು, ನಾನೊಬ್ಬಳು. ನಾನು ಮಾಡಿದ್ದನ್ನು ಇಲ್ಲಿ ಯಾರ ಮುಂದೂ ಹೇಳಿಲ್ಲ. ಹೇಳದೆ ಇರಲೂ ಆಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲೇ ಎರಡು ಸಲ ಎದ್ದು ಬಾಗಿಲತನಕ ಹೋಗಿ ಬಂದೆ.

ನಾವಿರುವ ಜಾಗ ನಿಮ್ಮ ಕಾಲದಲ್ಲಿ ನೀರಾಗಿತ್ತು. ಹೊಳೆಗೆ ಅಡ್ಡ ಕಟ್ಟಿದ ದೊಡ್ಡ ಗೋಡೆಯ ಹಿಂದೆ ಹೂಳು ತುಂಬುತ್ತಾ ತುಂಬುತ್ತಾ, ನನ್ನ ಅಜ್ಜಿ ಹುಟ್ಟುವ ಹೊತ್ತಿಗೆ ನೀರು ಒಂದು ಮೂಲೆಗೆ ಸರಿದು, ಉಳಿದದ್ದೆಲ್ಲ ನೆಲವಾಯಿತು. ಆ ನೆಲದ ಮೇಲೆ ಈಗ ಹತ್ತೊಂಬತ್ತು ಊರುಗಳಿವೆ. ನಾವು ಹೂಳಿನ ಇಟ್ಟಿಗೆ ಮಾಡುತ್ತೇವೆ, ಕರಬೂಜ ಬೆಳೆಯುತ್ತೇವೆ, ಮನೆಗಳನ್ನು ಮೊಳ ಎತ್ತರದ ಕಾಲುಗಳ ಮೇಲೆ ಕಟ್ಟುತ್ತೇವೆ. ನೆಲ ವರ್ಷಕ್ಕಿಷ್ಟು ಕುಸಿಯುವುದರಿಂದ ಪ್ರತಿ ಮರುಬೇಸಿಗೆಯಲ್ಲಿ ಊರಿನವರೆಲ್ಲ ಸೇರಿ ಒಂದೊಂದೇ ಮನೆಯನ್ನು ಎತ್ತಿ ಕಾಲುಗಳಿಗೆ ಇಟ್ಟಿಗೆ ಕೊಡುತ್ತೇವೆ. ಆ ದಿನ ಆ ಮನೆಯವರು ಎಲ್ಲರಿಗೂ ಅಂಬಲಿ ಮಾಡಬೇಕು. ನಾನು ಇಪ್ಪತ್ತು ವರ್ಷ ಇಟ್ಟಿಗೆ ಹೊಡೆದವಳು. ಗೋಡೆಯ ಕೆಳಗೆ, ಹೊಳೆಯ ಗುಂಟ, ಹಳೆಯ ಊರುಗಳಿವೆ. ಅಲ್ಲಿ ಅರವತ್ತು ಸಾವಿರ ಜನ. ಮೇಲಿನ ನಾವೂ ಕೆಳಗಿನ ಅವರೂ ಸೇರಿ ಒಂದೇ ಕ್ಷೇತ್ರ. ದೊಡ್ಡಸಭೆಗೆ ಒಬ್ಬರನ್ನೇ ಕಳಿಸಬೇಕು. ನೀವು ಲೋಕಸಭೆ ಎನ್ನುತ್ತಿದ್ದುದನ್ನೇ ನಾವು ದೊಡ್ಡಸಭೆ ಅನ್ನುವುದು.

ಎರಡು ವರ್ಷದ ಕೆಳಗೆ ಆ ಸೀಟಿಗೆ ನಿಂತವರು ಇಬ್ಬರೇ. ಮೇಲಿನಿಂದ ನಾನು, ಕೆಳಗಿನಿಂದ ಪಂಪನಗೌಡರು. ಅವರಿಗೆ ಅರವತ್ತಾರು ವರ್ಷ. ಮೂವತ್ತು ವರ್ಷ ಆ ಗೋಡೆಯ ಕಾವಲು ಕಾದವರು. ಗೋಡೆಯನ್ನು ಹತ್ತು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಚ್ಚಿ ಹೊಳೆಯನ್ನು ಅದರ ಪಾಡಿಗೆ ಬಿಡಬೇಕು ಎನ್ನುವುದು ಅವರ ವಾದ. ಹಾಗೆ ಬಿಚ್ಚಿದರೆ ನೀರು ಹೂಳನ್ನು ಕೊರೆಯುತ್ತದೆ, ನಮ್ಮ ಹತ್ತೊಂಬತ್ತು ಊರೂ ಎದ್ದು ಹೋಗಬೇಕು. ಬಿಚ್ಚಕೂಡದು ಎನ್ನುವುದು ನನ್ನ ವಾದ. ಗೋಡೆ ತಾನಾಗಿ ಒಡೆದರೆ ಕೆಳಗಿನ ಊರುಗಳು ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಒಡೆಯುತ್ತದೆಯೋ ಇಲ್ಲವೋ ಎನ್ನುವುದಷ್ಟೇ ಜಗಳ.

ನಮ್ಮ ಚುನಾವಣೆಯ ಕ್ರಮ ನಿಮಗೆ ವಿಚಿತ್ರ ಅನ್ನಿಸಬಹುದು. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಉಮೇದುವಾರರು ಒಬ್ಬರ ಮೇಲೊಬ್ಬರು ಆಡಿದ ಮಾತಿಗೆ ಊರೂರೇ ಹೊತ್ತಿ ಉರಿದವಂತೆ. ಆಮೇಲೆ ಎದುರುನುಡಿ ಎಂಬ ಕಟ್ಟಳೆ ಬಂತು. ಉಮೇದುವಾರರು ನಲವತ್ತು ದಿನ ಒಂದೇ ಬಿಸಿಲುಗಾಡಿಯಲ್ಲಿ ಊರೂರು ತಿರುಗಿ, ಒಂದೇ ಮನೆಯಲ್ಲಿ ಉಣ್ಣಬೇಕು. ಸಭೆಯಲ್ಲಿ ಯಾರೂ ತಮ್ಮ ವಾದವನ್ನು ತಾವೇ ಹೇಳುವಂತಿಲ್ಲ. ನನ್ನದನ್ನು ಅವರು ಹೇಳಬೇಕು, ಅವರದನ್ನು ನಾನು. ಹೇಳಿದ್ದು ಸರಿಯಾಗಿದ್ದರೆ ವಾದದ ಒಡೆಯ ತಲೆಯಾಡಿಸಬೇಕು, ತಪ್ಪಿದ್ದರೆ ತಡೆಯಬೇಕು. ಜೊತೆಗೊಬ್ಬ ಸಾಕ್ಷಿ ಇರುತ್ತಾರೆ. ತಲೆಯಾಡಿಸಿದ್ದನ್ನು ಅವರು ದಾಖಲು ಮಾಡಿದ ಮೇಲೆಯೇ ಜನರ ಪ್ರಶ್ನೆ. ನಮ್ಮ ಸಾಕ್ಷಿ ಖಾಜಾಬಿ ಎಂಬ ಮಿತಭಾಷಿ ಹೆಂಗಸು, ನಿವೃತ್ತ ಟಪಾಲಿನವರು.

ಮೊದಲ ಇಪ್ಪತ್ಮೂರು ದಿನ ನಾನು ಗೌಡರ ವಾದವನ್ನು ನಿಯತ್ತಾಗಿ ಹೇಳಿದೆ. ಅದರ ಜೀವವೆಲ್ಲ ಒಂದು ಬಿರುಕಿನಲ್ಲಿತ್ತು. ಗೋಡೆಯ ಎಡಗಡೆ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಒಂದು ಬಿರುಕು. ಗೌಡರು ಹನ್ನೊಂದು ವರ್ಷ ಪ್ರತಿ ತಿಂಗಳು ದಾರ ಹಿಡಿದು ಅದನ್ನು ಅಳೆದಿದ್ದರು. ಎರಡು ಬೆರಳಗಲ ಹೆಚ್ಚಾಗಿದೆ ಎನ್ನುತ್ತಿದ್ದರು. ನಾನು ಅದನ್ನು ಹೇಳಿದಾಗಲೆಲ್ಲ ನಮ್ಮ ಮೇಲಿನ ಊರುಗಳಲ್ಲೂ ಜನ ಮುಂದೆ ಬಾಗಿ ಕೇಳುತ್ತಿದ್ದರು. ಇಟ್ಟಿಗೆಯವರಿಗೆ ಬಿರುಕು ಎಂದರೆ ಬೇಗ ಅರ್ಥವಾಗುತ್ತದೆ. ನನ್ನ ಜೊತೆ ಕೆಲಸ ಮಾಡಿದವರೇ ಎದ್ದು, ಬಿರುಕಿನ ಬಾಯಿ ಒಳಗೆ ಎಷ್ಟು ಆಳ ಹೋಗಿದೆ ಎಂದು ಕೇಳತೊಡಗಿದರು. ನನ್ನ ಬಾಯಿಂದಲೇ ನನ್ನ ಮತಗಳು ಜಾರುತ್ತಿದ್ದವು.

ಗೌಡರ ಜೊತೆ ಬಾಳುವುದು ಕಷ್ಟವಾಗಲಿಲ್ಲ. ತಾವೇ ತಮ್ಮ ತಟ್ಟೆ ತೊಳೆಯುತ್ತಿದ್ದರು, ನನ್ನದನ್ನೂ ಕಸಿದು ತೊಳೆಯುತ್ತಿದ್ದರು. ನನ್ನನ್ನು ತಂಗಿ ಎನ್ನುತ್ತಿದ್ದರು, ನಾನು ಕಾಕಾ ಎನ್ನುತ್ತಿದ್ದೆ. ಇಂದು ಯಾವ ಊರು ಎಂದು ಒಂದೇ ಬೆಳಗಿನಲ್ಲಿ ಮೂರು ಸಲ ಕೇಳುತ್ತಿದ್ದರು, ವಯಸ್ಸು ಎಂದುಕೊಂಡೆ. ಸಭೆಯಲ್ಲಿ ನಾನು ಮಾತಾಡುವಾಗ ಅಂಗೈಯಲ್ಲಿ ಏನನ್ನೋ ನೋಡಿಕೊಂಡು ತಲೆಯಾಡಿಸುತ್ತಿದ್ದರು. ಇಪ್ಪತ್ಮೂರನೇ ದಿನ ಅವರು ಅಂಗಿ ಒಗೆದು ಬೇಲಿಗೆ ಹಾಕಿ ಹೋದರು. ಜೇಬಿನಿಂದ ನೀಲಿ ಮಸಿ ಇಳಿಯುತ್ತಿತ್ತು. ಕೈ ಹಾಕಿದರೆ ಒಂದು ಚೀಟಿ, ಅರ್ಧ ಕರಗಿದ್ದು. ‘ಗೋಡೆ ಬಿಚ್ಚಬೇಕು. ಬಿರುಕು ಎರಡು ಬೆರಳು. ಕೆಳಗೆ ಅರವತ್ತು ಸಾವಿರ. ಎದುರು ನಿಂತವಳು ಹುಲಿಗೆವ್ವ, ಒಳ್ಳೆಯವಳು’ ಎಂದಿತ್ತು. ಕೊನೆಯ ಸಾಲು ಓದಿ ನನಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಅವರಿಗೆ ನೆನಪು ಹೋಗುತ್ತಿತ್ತು. ಚೀಟಿ ಇಲ್ಲದೆ ಅವರ ಹತ್ತಿರ ಅವರದೇ ವಾದ ಇರಲಿಲ್ಲ.

ಮಾರನೇ ದಿನದ ಸಭೆಯಲ್ಲಿ ನಾನು ಬಿರುಕಿನ ಮಾತು ಬಿಟ್ಟೆ.

ಬೇಕೆಂದೇ ಬಿಟ್ಟೆ. ಗೋಡೆ ಹಳೆಯದಾಗಿದೆ, ಹಳೆಯದರ ಮೇಲೆ ನಂಬಿಕೆ ಇಡಬಾರದು ಎನ್ನುವುದು ಗೌಡರ ಅಭಿಪ್ರಾಯ ಎಂದಷ್ಟೇ ಹೇಳಿದೆ. ಅವರು ಬರಿಗೈ ನೋಡಿಕೊಂಡು, ನನ್ನ ಮುಖ ನೋಡಿ, ತಲೆಯಾಡಿಸಿದರು. ಖಾಜಾಬಿ ದಾಖಲು ಮಾಡಿದರು. ಜನ ಹಗುರಾಗಿ ಎದ್ದು ಹೋದರು, ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಆ ಮಧ್ಯಾಹ್ನ ಗೌಡರು ನನ್ನ ತಟ್ಟೆ ಕಸಿದುಕೊಳ್ಳಲು ಬಂದಾಗ ಕೊಡಲಿಲ್ಲ. ಅದೂ ಸೇರಿ, ಮುಂದೆ ಸಭೆಯಾದ ಆರೂ ಊರುಗಳಲ್ಲಿ ಹಾಗೆಯೇ ಮಾಡಿದೆ, ಅಜ್ಜಿ. ಆರರಲ್ಲೂ ಅವರು ತಲೆಯಾಡಿಸಿದರು.

ನಲವತ್ತನೇ ದಿನ ನಮ್ಮೂರು ಹೂಳಪೇಟೆಯ ಸರದಿ. ನಮ್ಮವ್ವ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಮೊದಲು ಗೌಡರು ನನ್ನ ವಾದ ಹೇಳಬೇಕಿತ್ತು. ಅವರು ಎದ್ದು ನಿಂತು, ಒಂದು ಚೀಟಿಯೂ ಇಲ್ಲದೆ, ನನ್ನಪ್ಪ ಮೊದಲ ಮನೆಗೆ ಹೂಳು ಹೊತ್ತದ್ದರಿಂದ ಶುರುಮಾಡಿ, ನಮ್ಮವ್ವ ಇಲ್ಲಿ ಹೆತ್ತ ಐದು ಮಕ್ಕಳನ್ನೂ ಹೂತ ಇಬ್ಬರನ್ನೂ ಹೆಸರು ಹಿಡಿದು ಹೇಳಿ, ಈ ನೆಲವನ್ನು ಕೈಯಾರೆ ಮಾಡಿದವರಿಗೆ ಏಳಿ ಎನ್ನಲು ಯಾರಿಗೆ ಅಧಿಕಾರ ಎಂದು ಕೇಳಿದರು. ನಾನು ಗಾಡಿಯಲ್ಲಿ, ಊಟದಲ್ಲಿ, ಜಗಳದಲ್ಲಿ ಆಡಿದ್ದೆಲ್ಲವೂ ಅದರಲ್ಲಿತ್ತು. ತಮ್ಮದು ಮರೆತಿದ್ದರು, ನಲವತ್ತು ದಿನ ಮನಸ್ಸಿಟ್ಟು ಕೇಳಿದ ನನ್ನದು ಮಾತ್ರ ಒಳಗೆ ಉಳಿದಿತ್ತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ತಲೆಯಾಡಿಸಿದೆ.

ನನ್ನ ಸರದಿ ಬಂತು. ಈ ಸಲ ಬಿಡಲು ನನ್ನ ಕೈಲಿ ಆಗಲಿಲ್ಲ. ಬಿರುಕಿನ ಮಾತು ಪೂರ್ತಿ ಹೇಳಿಬಿಟ್ಟೆ: ಹನ್ನೊಂದು ವರ್ಷ, ದಾರ, ಎರಡು ಬೆರಳು, ಹೊಳೆ ತುಂಬಿದಾಗ ಒಳಗಿನಿಂದ ಬರುವ ಸದ್ದು. ನಮ್ಮ ಜನ ಗುಜುಗುಜು ಶುರುಮಾಡಿದರು. ಗೌಡರು ಕೈ ಎತ್ತಿ ತಡೆದರು.

“ಇದು ನನ್ನ ಮಾತಲ್ಲ ತಂಗಿ,” ಎಂದರು. “ಯಾರೋ ನಿನಗ ತಪ್ಪು ಹೇಳ್ಯಾರ.”

ಒಡೆಯ ತಡೆದದ್ದನ್ನು ತೆಗೆದುಹಾಕಬೇಕು ಎನ್ನುವುದು ಕಟ್ಟಳೆ. ಖಾಜಾಬಿ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಆಗ ನಾನು ಹೇಳಬಹುದಿತ್ತು. ಈ ಮನುಷ್ಯನಿಗೆ ಕಾಯಿಲೆ, ಇದು ಇವರದೇ ಮಾತು, ಹದಿನೇಳು ದಿನದಿಂದ ನನಗೆ ಗೊತ್ತಿದೆ ಎಂದು. ಹೇಳಿದರೆ ಬಿಟ್ಟ ಆರು ಊರುಗಳ ಕಥೆಯೂ ಹೊರಬರುತ್ತಿತ್ತು. ಅವರ ಮರ್ಯಾದೆ ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಕುಳಿತೆ. ಖಾಜಾಬಿ ಆ ಸಾಲನ್ನು ಹೊಡೆದುಹಾಕಿದರು.

ಅಷ್ಟೆಲ್ಲ ಮಾಡಿಯೂ ಗೆದ್ದದ್ದು ಅವರೇ, ಮುನ್ನೂರ ನಲವತ್ತು ಮತಗಳಿಂದ. ಬಿರುಕಿನ ಕೆಳಗೇ ಬದುಕುವವರಿಗೆ ಅದನ್ನು ನನ್ನ ಬಾಯಿಂದ ಕೇಳಬೇಕಿರಲಿಲ್ಲ. ಸೋತದ್ದಕ್ಕೆ ನಾನು ಎರಡು ದಿನ ಚೆನ್ನಾಗಿ ಉಂಡೆ. ತಪ್ಪು ತಾನಾಗಿ ಅಳಿಸಿಹೋಯಿತು ಎಂದುಕೊಂಡೆ.

ಮೂರು ತಿಂಗಳಿಗೆ ದೊಡ್ಡಸಭೆಯಲ್ಲಿ ಗೋಡೆಯ ವಿಷಯ ಬಂತು. ಅಲ್ಲಿ ಎದುರುನುಡಿ ಇಲ್ಲ, ಸದಸ್ಯ ತನ್ನ ಮಾತನ್ನು ತಾನೇ ಆಡಬೇಕು. ನಮ್ಮೂರ ನಡುವೆ ಕೇಳುಕಂಬ ಇದೆ, ಸಭೆಯ ಮಾತು ಆಡಿದ ಕೂಡಲೇ ಅದರಲ್ಲಿ ಕೇಳುತ್ತದೆ. ನಾನು ಅಚ್ಚಿಗೆ ಮಣ್ಣು ತುಂಬುತ್ತಿದ್ದೆ. ಗೌಡರ ದನಿ ಬಂತು. ನನ್ನಪ್ಪ ಹೂಳು ಹೊತ್ತದ್ದು ಬಂತು. ನಮ್ಮವ್ವನ ಮಕ್ಕಳ ಹೆಸರು ಬಂತು. ಗೋಡೆ ಬಿಚ್ಚಿಸಲು ಜನ ಕಳಿಸಿದ ಮನುಷ್ಯ ದೇಶದ ಮುಂದೆ ನಿಂತು, ಬಿಚ್ಚಬೇಡಿ ಎಂದು ಕೈಮುಗಿದು ಬೇಡಿಕೊಂಡರು. ಕೆಳಗಿನವರೇ ಹೀಗೆನ್ನುವಾಗ ಮತ್ತೇನು ಎಂದು ಸಭೆ ಇಪ್ಪತ್ತೈದು ವರ್ಷ ಗೋಡೆ ಮುಟ್ಟಬಾರದೆಂದು ತೀರ್ಮಾನ ಮಾಡಿತು. ನಮ್ಮೂರಲ್ಲಿ ಹಲಗೆ ಬಾರಿಸಿದರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಮೈಮೇಲಿನ ಮಣ್ಣು ಒಣಗಿ ಬಿಗಿಯುತ್ತಿತ್ತು. ಇಳಿಸಿ ಎಂದೆ, ಯಾರಿಗೂ ಕೇಳಿಸಲಿಲ್ಲ.

ಕೆಳಗಿನವರು ಗೌಡರನ್ನು ದ್ರೋಹಿ ಎಂದರು. ಮನೆಯ ಮುಂದೆ ಹನ್ನೆರಡು ದಿನ ಧರಣಿ ಕುಳಿತರು. ಆಮೇಲೆ ವೈದ್ಯರು ಬಂದು ನೋಡಿ ಕಾಯಿಲೆಯ ಹೆಸರು ಹೇಳಿದರು. ಈ ಬೇಸಿಗೆಯಲ್ಲಿ ಅವರ ರಾಜೀನಾಮೆ ಆಯಿತು; ಈಗ ಸೀಟು ಖಾಲಿ. ತೀರ್ಮಾನ ಮಾತ್ರ ನಿಂತಿದೆ. ಅದನ್ನು ಅಳಿಸಬೇಕಾದರೆ ಈ ಕ್ಷೇತ್ರದ ಹೊಸ ಸದಸ್ಯರೇ ಎದ್ದು ಕೇಳಬೇಕು.

ಹೋದ ವಾರ ಅವರನ್ನು ನೋಡಲು ಹೋದೆ. ದಾರಿಯಲ್ಲಿ ಗೋಡೆಯ ಎಡಗಡೆ ಹತ್ತಿ ದಾರ ಹಿಡಿದು ನೋಡಿದೆ. ಅವರ ಲೆಕ್ಕದ ಮೇಲೆ ಇನ್ನೂ ಅರ್ಧ ಬೆರಳು ಆಗಿದೆ. ನನಗೆ ಅಳೆದು ರೂಢಿಯಿಲ್ಲ, ಅಷ್ಟು ಇರಲಿಕ್ಕಿಲ್ಲವೇನೋ, ಇದ್ದರೂ ಇರಬಹುದು. ಗೌಡರು ಪಡಸಾಲೆಯಲ್ಲಿ ಕುಳಿತಿದ್ದರು. ನನ್ನ ಗುರುತು ಹತ್ತಲಿಲ್ಲ, ಆದರೆ ಕೂರು ಎಂದರು. ತಾವೇ ಮಾತು ತೆಗೆದರು.

“ಒಂದು ಕಾಲಕ್ಕ ನಾನು ಏನೋ ದೊಡ್ಡ ಮಾತು ಹೇಳ್ತಿದ್ನಂತ. ಯಾರಿಗೂ ನೆನಪಿಲ್ಲೇನು ಅದು?”

“ನನಗದ ಕಾಕಾ,” ಎಂದೆ.

ಹೇಳಿದೆ. ಮೊದಲಿನಿಂದ ಕೊನೆತನಕ, ಏನೂ ಬಿಡದೆ. ಬಿಟ್ಟ ಆರು ಊರುಗಳ ಹೆಸರನ್ನೂ ಹೇಳಿದೆ. ಅವರು ಈ ಸಲ ತಲೆಯಾಡಿಸಲೂ ಇಲ್ಲ, ತಡೆಯಲೂ ಇಲ್ಲ. ಕೇಳಿ ಮುಗಿಸಿ, ಒಳಗೆ ಯಾರನ್ನೋ ಕರೆದು ನನಗೆ ನೀರು ತರಲು ಹೇಳಿದರು.

ನಾಳೆ ಅರ್ಜಿ ಕೊಡುವ ಕೊನೆಯ ದಿನ. ನಮ್ಮೂರಿನಿಂದ ನನ್ನ ಜೊತೆ ಇಟ್ಟಿಗೆ ಹೊಡೆಯುವ ನೀಲಗಂಗಾ ಆಗಲೇ ಕೊಟ್ಟಿದ್ದಾಳೆ, ಗೋಡೆ ಉಳಿಸಲು. ಕೆಳಗಿನಿಂದ ಯಾರೂ ಕೊಟ್ಟಿಲ್ಲ. ಅವರು ಯಾರನ್ನೂ ನಂಬುತ್ತಿಲ್ಲ. ನಾನು ಕೊಡುತ್ತೇನೆ, ಗೋಡೆ ಬಿಚ್ಚಿಸಲು. ಅದಕ್ಕೂ ಮೊದಲು ಖಾಜಾಬಿಯವರ ಮನೆಗೆ ಹೋಗಿ ಆ ಆರು ಊರುಗಳ ಮಾತನ್ನು ದಾಖಲು ಮಾಡಿಸಬೇಕು. ಆಮೇಲೆ ನನ್ನ ಅರ್ಜಿ ಉಳಿಯುತ್ತದೋ ಇಲ್ಲವೋ ತಿಳಿಯದು. ಗೌಡರು ಸರಿಯೋ ಎನ್ನುವುದೂ ನನಗೆ ಗೊತ್ತಿಲ್ಲ ಅಜ್ಜಿ. ಗೋಡೆ ಇನ್ನೂ ನೂರು ವರ್ಷ ನಿಂತರೂ ನಿಲ್ಲಬಹುದು. ಆಗ ಹತ್ತೊಂಬತ್ತು ಊರುಗಳನ್ನು ಸುಮ್ಮನೆ ಎಬ್ಬಿಸಿದವಳು ನಾನಾಗುತ್ತೇನೆ. ಒಂದು ಗಳಿಗೆ ಹೀಗೆ ಅನ್ನಿಸುತ್ತದೆ, ಇನ್ನೊಂದು ಗಳಿಗೆ ಹಾಗೆ.

ನಿಮ್ಮ ಕಾಲದವರಿಗೆ ನನ್ನದೊಂದೇ ಬೇಡಿಕೆ. ನಿಮ್ಮ ಉಮೇದುವಾರರು ಎದುರಾಳಿಯ ಬಗ್ಗೆ ಆಡುವಾಗ ಏನು ಹೇಳಿದರು ಎನ್ನುವುದರ ಜೊತೆಗೆ ಏನನ್ನು ಬಿಟ್ಟರು ಎಂದೂ ಕೇಳಿ. ಯಾರಾದರೂ ಒಬ್ಬರು ಎದ್ದು ನನ್ನನ್ನು ಹಾಗೆ ಕೇಳಿದ್ದರೆ ನಾನು ಅಂದೇ ಹೇಳಿಬಿಡುತ್ತಿದ್ದೆ ಎನ್ನಿಸುತ್ತದೆ.

ಗೋಡೆ ಬಿಚ್ಚಿದರೆ ಮೊದಲ ವರ್ಷವೇ ಹೊಳೆ ಕೊರೆಯುವುದು ನಮ್ಮ ಓಣಿಯನ್ನು. ಅವ್ವನಿಗೆ ಇನ್ನೂ ಹೇಳಿಲ್ಲ. ಅಂಗಳದಲ್ಲಿ ಕರಬೂಜದ ಬೀಜ ಒಣಹಾಕುತ್ತಿದ್ದಾಳೆ, ಬರುವ ವರ್ಷಕ್ಕೆ. ಇಲ್ಲಿಗೆ ಪತ್ರ ಮುಗಿಸುತ್ತೇನೆ, ಅವಳ ಹತ್ತಿರ ಹೋಗಿ ಕುಳಿತುಕೊಳ್ಳಬೇಕು.

ನಿಮ್ಮ
ಹುಲಿಗೆಮ್ಮ