ಗೋದಾಮಿನ ಹಿಂದಿನ ಮಣ್ಣು

ಚಿಕ್ಕಮಗಳೂರು
೨೧ ಜುಲೈ ೨೦೦೩

ಪ್ರೀತಿಯ ರಕ್ಷಾ,

ಹೇಗಿದ್ದೀಯೆ? ಹೊಟ್ಟೆಯೊಳಗಿನ ಪುಟ್ಟ ಒದೆಯುತ್ತಿದೆಯೇ? ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಕೂತಿದ್ದಕ್ಕೆ ಚೆನ್ನಾಗಿ ಬೈದುಕೋ, ಬೇಡ ಅನ್ನುವುದಿಲ್ಲ. "ಅಕ್ಕ, ಬಾವಿ ಪಕ್ಕದ ಆ ಮಣ್ಣು ಸರಿಹೋಗಿದೆ ಅಂತ ನೀನು ಹೇಳಿದ್ರೆ ಮಾತ್ರ ಬಾಣಂತನಕ್ಕೆ ಕಳಸದ ತವರಿಗೆ ಹೋಗ್ತೀನಿ" ಎಂದು ಎಲ್ಲವನ್ನೂ ನನ್ನ ತಲೆಗೇ ಕಟ್ಟಿದ್ದೀಯಲ್ಲ.

ಗೋದಾಮಿನ ಹಿಂದೆ ಚಿಕ್ಕಪ್ಪ ವರ್ಷಗಟ್ಟಲೆ ಕಾಫಿ ಗಿಡದ ಕಾಂಡಕೊರಕ ಹುಳಕ್ಕೆ ಬಿ.ಎಚ್.ಸಿ. ವಿಷದ ಪುಡಿ ಕಲಸಿದ ಜಾಗ ಅದು. ಆ ವಿಷ ತಿನ್ನುವ ಬ್ಯಾಕ್ಟೀರಿಯಾವನ್ನು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಬೆಳೆಸಿ ಏಪ್ರಿಲ್‌ನಲ್ಲಿ ಅಲ್ಲಿಗೆ ಸುರಿದು ಬಂದಿದ್ದೆ. ಮಳೆಗೆ ಮುಂಚೆ ತೋಟಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆದರಲ್ಲ, ಮೇಸ್ತ್ರಿ ನಾಗೇಶ ಉಳಿದದ್ದನ್ನೆಲ್ಲ ಅಲ್ಲೇ ಚೆಲ್ಲಿ ಡ್ರಮ್ಮು ತೊಳೆದಿದ್ದಾನೆ! ಮೈಲುತುತ್ತ ಬಿದ್ದ ಮೇಲೆ ನನ್ನ ಬ್ಯಾಕ್ಟೀರಿಯಾ ಉಳಿದೀತೇ? ರೇಗಾಡಿಬಿಟ್ಟೆ. ಚಿಕ್ಕಪ್ಪ ತಣ್ಣಗೆ, "ಡ್ರಮ್ಮು ತೊಳಿಯೋ ಜಾಗ ಮೊದ್ಲಿಂದ್ಲೂ ಅದೇ ಅಲ್ವೇನೇ ಮಾರಾಯ್ತಿ. ನಿನ್ ಹುಳ ಅಲ್ಲಿರೋದು ಅವನ ಕಣ್ಣಿಗೆ ಕಾಣ್ಸುತ್ತಾ?" ಎಂದರು.

ಈಚೆಗೆ ಮತ್ತೆ ಮಣ್ಣು ತಂದು ನೋಡಿದೆ. ನಾನು ಬಿಟ್ಟವು ಒಂದೂ ಉಳಿದಿಲ್ಲ. ಆದರೆ ವಿಷ ಅರ್ಧಕ್ಕೆ ಇಳಿದಿದೆ! ಸಾಯುವ ಮೊದಲು ಅವು ವಿಷ ಒಡೆಯುವ ಜೀನನ್ನು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ದಾಟಿಸಿವೆ. ಅವುಗಳಲ್ಲಿ ತಾಯಿ ಮಕ್ಕಳೇ ಆಗಬೇಕೆಂದಿಲ್ಲ, ಮೈಗೆ ಮೈ ತಾಗಿದರೂ ಜೀನಿನ ನಕಲು ಕೊಟ್ಟುಬಿಡುತ್ತವೆ. ಅಲ್ಲಿನವಕ್ಕೆ ಮೈಲುತುತ್ತ ಮೊದಲಿನಿಂದಲೂ ಒಗ್ಗಿಹೋಗಿದೆ, ಹಾಗಾಗಿ ಸಾಯಲಿಲ್ಲ. ಲ್ಯಾಬಿನಲ್ಲಿ ಒಬ್ಬಳೇ ಕೂತು ಸಂತೋಷಕ್ಕೆ ಅತ್ತುಬಿಟ್ಟೆ ಕಣೇ.

ಬಾವಿ ನೀರು ಇನ್ನೂ ಕೆಲವು ವರ್ಷ ಬೇಡ. ಚಿಕ್ಕಪ್ಪ ಗುಡ್ಡದ ಒರತೆಯಿಂದ ಪೈಪು ಎಳೆಸಿದ್ದಾರೆ. ತಿಮ್ಮಮ್ಮ ಚಿಕ್ಕಮ್ಮನಂತೂ "ಹಂಗಾರೆ ನನ್ ಮಗಳು ಬರ್ತಾಳೆ" ಎಂದು ಅಂದೇ ಕೋಣೆಗೆ ಸುಣ್ಣ ಬಳಿಸಲು ಹೊರಟರು.

ಹೆರಿಗೆ ಸುಸೂತ್ರವಾಗಲಿ. ನೀನೂ ಮಗುವೂ ನೂರು ಕಾಲ ಚೆನ್ನಾಗಿರಿ.

ನಿನ್ನ
ಸರ್ವಮಂಗಳಕ್ಕ

ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ: ನಿಮ್ಮ ಹಸು ಮೇಯುವುದು ಗೋದಾಮಿನ ಹಿಂದೆಯೇ. ಅದನ್ನು ಕಂಡು, ಚಿಕ್ಕಮ್ಮ ಕಾಸಿದ ತುಪ್ಪವನ್ನೂ ಮೈಸೂರಿಗೆ ಪರೀಕ್ಷೆಗೆ ಕಳಿಸಿದ್ದೆ. ಈ ವಿಷ ಜಿಡ್ಡಿನಲ್ಲಿ ಸೇರಿಕೊಳ್ಳುತ್ತದೆ. ತುಪ್ಪದಲ್ಲಿ ಅದು ಬಹಳ ಇದೆ, ರಕ್ಷಾ. ಬಸುರಿ ಮಗಳಿಗೆಂದು ಚಿಕ್ಕಮ್ಮ ಪ್ರತಿ ತಿಂಗಳೂ ಬಸ್ಸಿನಲ್ಲಿ ಕಳಿಸಿದ್ದು ಇದನ್ನೇ. ಡಬ್ಬಿಯಲ್ಲಿ ಉಳಿದಿದ್ದರೆ ಮುಟ್ಟಬೇಡ. ಈ ಕಾಗದವನ್ನು ಡಾಕ್ಟರಿಗೆ ತೋರಿಸು. ಮೈಯೊಳಗೆ ಹೋದದ್ದನ್ನು ತಿನ್ನುವ ಬ್ಯಾಕ್ಟೀರಿಯಾ ನನ್ನ ಹತ್ತಿರ ಇಲ್ಲ. ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ. ನಿನ್ನ ಬಾಣಂತನಕ್ಕೆಂದು ಮತ್ತೆ ಬೆಣ್ಣೆ ಕೂಡಿಡುತ್ತಿದ್ದಾರೆ.