ಮಸೂತಿಯಲ್ಲಿ ನಿಲ್ಲದ ಲಾರಿ

ಮುದ್ದೇಬಿಹಾಳ
ತಾ. ೮-೧-೧೯೭೬

ಶಂಕ್ರಿಯ ಅಪ್ಪನವರಿಗೆ,

ನಮಸ್ಕಾರಗಳು. ಇನ್ನು ಹಾಗೆ ಕರೆಯಬೇಡ ಎಂದು ಹೇಳಿ ಹೋಗಿದ್ದಿರಿ. ಮಗಳೇ ಹೋದ ಮೇಲೆ ಆ ಹೆಸರು ಕಿವಿಗೆ ಬಿದ್ದರೆ ತಡೆಯಲಾಗದು ಎಂದಿರಿ. ಆದರೆ ಗಂಡನ ಹೆಸರು ಹಿಡಿಯುವ ರೂಢಿ ನಮ್ಮಲ್ಲಿಲ್ಲ. ಅವಳು ಹುಟ್ಟಿದಾಗಿನಿಂದ ನಿಮ್ಮನ್ನು ಕರೆದದ್ದು ಇದೊಂದೇ ಹೆಸರಿನಿಂದ. ಲಕೋಟೆಯ ಮೇಲಿನ ವಿಳಾಸವನ್ನೂ ಪಕ್ಕದ ಮನೆಯ ರಾವಸಾಬರ ಕೈಯಿಂದ ಬರೆಸುತ್ತೇನೆ.

ಕನ್ನೊಳ್ಳಿಯಲ್ಲಿ ನೀವೂ ನಿಮ್ಮ ಅಕ್ಕನವರೂ ಆರಾಮ ಇರಬೇಕು. ಇಲ್ಲಿ ನಾನು ಇದ್ದೇನೆ. ಉಣ್ಣುತ್ತೇನೆ, ಮಲಗುತ್ತೇನೆ. ಅತ್ತರೆ ಹಗುರಾಗುತ್ತದೆ ಎಂದು ಓಣಿಯವರೆಲ್ಲ ಹೇಳುತ್ತಾರೆ. ಬಾರದ ಅಳುವನ್ನು ಎಲ್ಲಿಂದ ತರಲಿ?

ವಿಷಯ ಏನೆಂದರೆ, ಲಾರಿಗೆ ಹೊಸ ರೇಡಿಯೇಟರ್ ಹಾಕಿಸಿದ್ದೇನೆ. ದಸರೆಯ ಮರುದಿನ ನೀವು ಕೀಲಿಯನ್ನು ಗೂಟಕ್ಕೆ ಹಾಕಿ ಹೋದಾಗಿನಿಂದ ಅದು ಬೇವಿನ ಗಿಡದ ಕೆಳಗೇ ನಿಂತಿತ್ತು. ಕೋಳಿಗಳು ಬಾನೆಟ್ಟಿನ ಮೇಲೆ ಸಂಸಾರ ಹೂಡಿದ್ದವು. ಗ್ಯಾರೇಜಿನ ಖಾಜಾಸಾಬನನ್ನು ನಾನೇ ಕರೆಸಿದೆ. ದುಡ್ಡು ಹೇಗೆ ಹೊಂದಿಸಿದೆ ಎಂದು ಕೇಳಬೇಡಿ.

ಹಳೆಯದನ್ನು ಬಿಚ್ಚಿ, ಅಂಗಳದಲ್ಲಿ ಕೊಯ್ದು ತೋರಿಸಿದ. ಒಳಗಿನ ಸಣ್ಣ ನಳಿಗೆಗಳಲ್ಲೆಲ್ಲ ಅರಿಶಿನ ಗಟ್ಟಿಯಾಗಿ ಕೂತಿತ್ತು. ನೀರು ಸೋರಿದಾಗೊಮ್ಮೆ ನೀವು ಒಲೆಯ ಹತ್ತಿರ ಬಂದು ಕೈ ಒಡ್ಡುತ್ತಿದ್ದಿರಿ, ನಾನು ಡಬ್ಬಿಯಿಂದ ಒಂದು ಹಿಡಿ ಹಾಕುತ್ತಿದ್ದೆ. ಪಲ್ಯಕ್ಕಿಂತ ನಿಮ್ಮ ಲಾರಿಗೇ ಹೆಚ್ಚು ಅರಿಶಿನ ಬೇಕು ಎಂದು ನಗುತ್ತಿದ್ದೆ. ಖಾಜಾಸಾಬ ಅಂದ, "ಅರಿಶಿಣ ಹಾಕಿದ್ರ ಸೋರೂದು ನಿಂದರತೈತ್ರಿ ಅಕ್ಕಾರ. ಖರೆ, ನೀರ ತಿರುಗೂದೂ ನಿಂತು ಎಂಜಿನ್ ಕುದೀತೈತಿ. ಎಲ್ಲಾ ಡ್ರೈವರ್‌ಗೋಳೂ ಹಿಂಗ ಮಾಡ್ತಾರ." ನನಗೆ ಏನೂ ಅನ್ನಿಸಲಿಲ್ಲ. ಉದುರಿದ ಹಳದಿ ಹೆಂಟೆಗಳನ್ನು ಗುಡಿಸಿ ತಿಪ್ಪೆಗೆ ಹಾಕಿದೆ.

ಹೊಸದು ಮೊದಲಿನದಕ್ಕಿಂತ ದೊಡ್ಡದು, ಸೋಲಾಪುರದಿಂದ ತರಿಸಿದ್ದು. ಅದನ್ನು ಕೂರಿಸಲು ಮುಂದಿನ ಕಬ್ಬಿಣದ ಪಟ್ಟಿ ಕತ್ತರಿಸಿ ಬೆಸುಗೆ ಹಾಕಬೇಕಾಯಿತು. ಫ್ಯಾನೂ ನೀರಿನ ರಬ್ಬರ್ ಪೈಪುಗಳೂ ಹೊಸವು. ಉಳ್ಳಾಗಡ್ಡಿ ಹೇರಿಕೊಂಡು ಬಿಜಾಪುರದವರೆಗೆ ಓಡಿಸಿ ನೋಡಿದೆವು. ಖಾಜಾಸಾಬನ ತಮ್ಮ ಕುತುಬುದ್ದೀನ ಓಡಿಸಿದ, ನಾನು ಪಕ್ಕದಲ್ಲಿ ಕೂತಿದ್ದೆ.

ದಾರಿಯಲ್ಲಿ ಮಸೂತಿ ಊರಿನ ಬಾವಿ ಬಂತು. ಕಳೆದ ಬೇಸಿಗೆಯಲ್ಲಿ, ಜ್ವರದಿಂದ ಸುಡುತ್ತಿದ್ದ ಶಂಕ್ರಿಯನ್ನು ದವಾಖಾನೆಗೆ ಒಯ್ಯುವಾಗ, ಲಾರಿ ಕುದ್ದು ನಿಂತದ್ದು ಅಲ್ಲಿಯೇ. ಎಂಜಿನ್ ಆರುವಷ್ಟರಲ್ಲಿ ಅವಳು ನನ್ನ ಮಡಿಲಲ್ಲಿ ತಣ್ಣಗಾಗಿದ್ದಳು. ಈ ಸಲ ಲಾರಿ ನಿಲ್ಲಲಿಲ್ಲ. ಬಾವಿ ಹಿಂದೆ ಹೋಯಿತು. ನಾನು ಹೊರಳಿಯೂ ನೋಡಲಿಲ್ಲ.

ನಿಮ್ಮ ಅಂಗೈ ಹೇಗಿದೆ? ಅಂದು ಆರುವವರೆಗೆ ಕಾಯಲಾರದೆ ಬರಿಗೈಯಲ್ಲಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ್ದಿರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಬೈದಾದರೂ ಒಂದು ಕಾಗದ ಮೊದಲೇ ಬರೆಯುತ್ತಿದ್ದೆ.

ಇನ್ನು ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದೀರಿ. ಬರುವ ಸಂಕ್ರಾಂತಿಯಿಂದ ಲಾರಿ ಓಡಿಸಲು ತನಗೆ ಕೊಡಿ ಎಂದು ಕುತುಬುದ್ದೀನ ಕೇಳುತ್ತಿದ್ದಾನೆ. ಒಳ್ಳೆಯವನು, ಸಾವಕಾಶ ಓಡಿಸುತ್ತಾನೆ. ಅವನಿಗೆ ಹೂಂ ಅಂದಿಲ್ಲ. ಕೀಲಿ ಅದೇ ಗೂಟದಲ್ಲಿದೆ.

ಇಂತಿ,
ಶಂಕ್ರಿಯ ಅವ್ವ
ಶೇವಂತೆವ್ವ

ತಾ.ಕ.: ಇಷ್ಟು ಅವಸರ ಮಾಡಿ ಯಾಕೆ ರಿಪೇರಿ ಮಾಡಿಸಿದೆ ಎಂಬುದನ್ನು ಮೇಲೆ ಬರೆಯಲಿಲ್ಲ. ನೀವು ಹೋಗುವಾಗ ನನಗೇ ಖಾತ್ರಿ ಇರಲಿಲ್ಲ. ಈಗ ಐದು ತಿಂಗಳು. ಶಂಕ್ರಿಯನ್ನು ಹೊಟ್ಟೆ ಕೊಯ್ದು ತೆಗೆದದ್ದು ನಿಮಗೆ ನೆನಪಿರಬೇಕು. ಇದಕ್ಕೂ ಬಿಜಾಪುರಕ್ಕೇ ಬರಬೇಕೆಂದು ಡಾಕ್ಟರು ಹೇಳಿದ್ದಾರೆ. ದಿನ ತುಂಬುವುದು ಬಿರುಬೇಸಿಗೆಯಲ್ಲಿ, ಹೋಗುವುದು ಅದೇ ದಾರಿಯಲ್ಲಿ. ಲಾರಿ ನಿಲ್ಲುವುದಿಲ್ಲ, ಅಷ್ಟನ್ನು ನಾನು ಮಾಡಿಸಿದ್ದೇನೆ. ಓಡಿಸುವವರು ನೀವೇ ಆಗಬೇಕು. ಗಂಡಾಗಲಿ ಹೆಣ್ಣಾಗಲಿ, ನಿಮ್ಮನ್ನು ಮಾತ್ರ ನಾನು ಶಂಕ್ರಿಯ ಅಪ್ಪ ಎಂದೇ ಕರೆಯುತ್ತೇನೆ.